ಪಾಲಿನ ಹೊಲ, ಸ್ವಂತ ಬೀಜ

ತಂಗಿ,

ಗವಿಮಠದ ಜಾತ್ರೆಯ ಮರುದಿನ ನೀನು ನಮ್ಮ ಮನೆಗೆ ಬಂದಾಗ ಪಡಸಾಲೆಯ ತುಂಬ ನೆಂಟರಿದ್ದರು. ಎಲ್ಲರೂ ಕೇಳಿದ್ದು ಒಂದೇ ಮಾತು: "ಪಿಎಚ್.ಡಿ. ಮುಗೀತಂತಲ್ಲ, ನೌಕರಿ ಎಲ್ಲಿ?" ನೀನು "ಪೋಸ್ಟ್‌ಡಾಕ್‌ಗೆ ಹೊಂಟೀನಿ" ಅಂದೆ. "ಅಂದ್ರ ಇನ್ನೊಂದು ಓದೇನವಾ?" ಅಂದರು ನಿಮ್ಮ ದೊಡ್ಡವ್ವ. ನೀನು ತಲೆ ತಗ್ಗಿಸಿದೆ. ಆಮೇಲೆ ಅಡಿಗೆಮನೆ ಬಾಗಿಲಲ್ಲಿ ನಿಂತು, ನನಗೊಬ್ಬನಿಗೇ ಕೇಳುವಂತೆ, "ಕಾಕಾ, ಎರಡು ಕಡೆಯಿಂದ ಪತ್ರ ಬಂದಾವ, ಬಾಸ್ಟನ್ನಿಂದ ಒಂದು, ಹೈದರಾಬಾದಿನಿಂದ ಒಂದು. ಯಾವುದಕ್ಕ ಹ್ಞೂಂ ಅನ್ನಲಿ?" ಎಂದೆ. ಆ ಗದ್ದಲದಲ್ಲಿ ಉತ್ತರ ಕೊಡುವುದು ನನಗೆ ಸರಿ ಅನ್ನಿಸಲಿಲ್ಲ. ಹದಿನೈದು ದಿನ ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿ ಈಗ ಬರೆಯುತ್ತಿದ್ದೇನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಾಲೇಜುಗಳಿಂದ ನಿನ್ನ ಹಿಂದೆಯೇ ಈ ದಾರಿ ಹಿಡಿದಿರುವ ಹುಡುಗ ಹುಡುಗಿಯರಿಗೂ ಇದನ್ನು ತೋರಿಸು.

ಮೊದಲು ನಿಮ್ಮ ದೊಡ್ಡವ್ವನ ಪ್ರಶ್ನೆ. ಅವರಿಗೆ ತಿಳಿಯುವ ಮಾತು ನಮ್ಮಲ್ಲೇ ಇದೆ. ಪೋಸ್ಟ್‌ಡಾಕ್ ಅಂದರೆ ಪಾಲಿಗೆ ಹೊಲ ಮಾಡಿದಂತೆ. ಭೂಮಿ ಇನ್ನೊಬ್ಬರದು, ಬೋರು ಇನ್ನೊಬ್ಬರದು, ಎತ್ತು ಗಳೇವು ಅವರವೇ. ಮೈಮುರಿಯುವ ದುಡಿಮೆ ನಿನ್ನದು. ಮಾತು ಒಂದು ವರ್ಷದ್ದು, ಹೆಚ್ಚೆಂದರೆ ಎರಡು ವರ್ಷದ್ದು. ರಾಶಿಯಲ್ಲಿ ಯಾರಿಗೆಷ್ಟು ಎಂದು ಬಿತ್ತುವ ಮೊದಲೇ ಮಾತಾಗಿರಬೇಕು. ಹಾಗೆ ಹೇಳಿ ನೋಡು, ದೊಡ್ಡವ್ವ ನಿನಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ಈ ಹೋಲಿಕೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮಪ್ಪ ಕುಷ್ಟಗಿ ಕಡೆ ಹದಿನಾಲ್ಕು ವರ್ಷ ಪಾಲಿಗೆ ಹೊಲ ಮಾಡಿದ. ಸುಗ್ಗಿ ಮುಗಿದು ಪಾಲು ಮನೆಗೆ ಬಂದ ದಿನ ಅವ್ವ ಅದನ್ನು ಅಳೆಯುವ ಮೊದಲೇ ಅಪ್ಪ ಒಳ್ಳೆಯ ತೆನೆಗಳನ್ನು ಆರಿಸಿ ಬೇರೆ ಇಡುತ್ತಿದ್ದ. ಕಾಳು ಬಿಡಿಸಿ, ಬಿಸಿಲಿಗೆ ಒಣಗಿಸಿ, ಬೂದಿ ಬೆರೆಸಿ, ಬೇವಿನ ಎಲೆ ಹಾಕಿ ಗಡಿಗೆಯಲ್ಲಿ ತುಂಬಿ ಬಾಯಿಗೆ ಸೆಗಣಿ ಮೆತ್ತುತ್ತಿದ್ದ. ಬರಗಾಲದ ವರ್ಷ ಮನೆಯಲ್ಲಿ ಹಿಟ್ಟಿಲ್ಲದಾಗಲೂ ಆ ಗಡಿಗೆಗೆ ಯಾರೂ ಕೈ ಹಾಕುವಂತಿರಲಿಲ್ಲ. ನಾಳೆ ಒಂದೆಕರೆ ಸ್ವಂತ ಹೊಲ ಸಿಕ್ಕರೆ ಬಿತ್ತಲು ಬೀಜ ಬೇಕಲ್ಲ.

ನಾನು ಹೈದರಾಬಾದಿನಲ್ಲಿ ಪಿಎಚ್.ಡಿ. ಮುಗಿಸಿ 1984ರಲ್ಲಿ ಹೊರದೇಶಕ್ಕೆ ಹೋದಾಗ ಈ ಗಡಿಗೆಯನ್ನು ಮರೆತೆ. ಒಂದು ವರ್ಷದ ಪತ್ರ. ಅದು ಮುಗಿದ ಮೇಲೆ ಇನ್ನೊಂದು ವರ್ಷ, ಮತ್ತೊಂದು, ಮಗದೊಂದು. ಜೀವಕೋಶದ ಒಳಗೆ ಒಂದು ಪ್ರೋಟೀನು ತಯಾರಾದ ಜಾಗದಿಂದ ತನ್ನ ಜಾಗಕ್ಕೆ ಹೇಗೆ ಹೋಗಿ ಮುಟ್ಟುತ್ತದೆ ಎಂಬುದು ನನ್ನ ಕೆಲಸ. ನಾಲ್ಕು ವರ್ಷ ಹಗಲು ರಾತ್ರಿ ದುಡಿದೆ. ಊರಿಗೆ ಮರಳುವಾಗ, "ಈ ಕೆಲಸ ನಾನು ಭಾರತದಲ್ಲಿ ಮುಂದುವರಿಸಬಹುದೆ?" ಎಂದು ಮೊದಲ ಸಲ ಪ್ರೊಫೆಸರರನ್ನು ಕೇಳಿದೆ. "ಇಲ್ಲ, ಅದು ಈ ಲ್ಯಾಬಿನದು, ನಿಮ್ಮ ಜಾಗಕ್ಕೆ ಬರುವವರು ನೋಡಿಕೊಳ್ಳುತ್ತಾರೆ" ಎಂದರು. ಅವರು ಮಾತು ತಪ್ಪಿದರು ಎಂದು ನಾನು ಹೇಳಲಾರೆ, ಏಕೆಂದರೆ ಮಾತೇ ಆಗಿರಲಿಲ್ಲ. ಕೇಳಬೇಕಾದ್ದು ಮೊದಲ ದಿನ, ನಾನು ಕೇಳಿದ್ದು ಕೊನೆಯ ವಾರ. ಎರಡು ಒಳ್ಳೆಯ ಲೇಖನ ಹಿಡಿದುಕೊಂಡು ಬಂದೆ, ಆದರೆ ಬಿತ್ತಲು ಒಂದು ಕಾಳಿರಲಿಲ್ಲ. ಹೊಸ ಪ್ರಶ್ನೆ ಹುಡುಕಿ ಮತ್ತೆ ಕಾಲೂರುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷ ನಿನ್ನ ಬಾಳಿನಲ್ಲಿ ಹೋಗಬಾರದು ಎಂಬ ಒಂದೇ ಆಸೆಗೆ ಇಷ್ಟು ಬರೆಯುತ್ತಿದ್ದೇನೆ.

ಆದ್ದರಿಂದ ಹ್ಞೂಂ ಅನ್ನುವ ಮೊದಲು ಎರಡೂ ಲ್ಯಾಬಿನ ಮುಖ್ಯಸ್ಥರಿಗೆ ಬರೆದು ಕೇಳು: "ಇಲ್ಲಿಂದ ಹೊರಡುವಾಗ ಈ ಕೆಲಸದ ಯಾವ ಭಾಗವನ್ನು ನಾನು ನನ್ನದಾಗಿ ಒಯ್ಯಬಹುದು?" ಸಂಕೋಚ ಬೇಡ. ನಮ್ಮ ಕಡೆಯ ಮಕ್ಕಳಿಗೆ ದೊಡ್ಡವರನ್ನು ಕೇಳುವುದೆಂದರೆ ಎದುರು ಮಾತಾಡಿದಂತೆ ಎಂಬ ಅಂಜಿಕೆ ಬಾಲ್ಯದಿಂದ ಬಂದಿರುತ್ತದೆ, ನನಗೂ ಇತ್ತು. ಒಳ್ಳೆಯ ಗುರು ಈ ಪ್ರಶ್ನೆಗೆ ಸಂತೋಷಪಡುತ್ತಾರೆ, ಹುಡುಗಿ ಮುಂದಿನದನ್ನು ಯೋಚಿಸಿದ್ದಾಳೆ ಅಂದುಕೊಳ್ಳುತ್ತಾರೆ. ಉತ್ತರ ಬರೆಯದೆ ಜಾರಿಕೊಂಡರೆ, ಅದೇ ಉತ್ತರ. ಆ ಲ್ಯಾಬಿನಿಂದ ಈಚೆಗೆ ಹೊರಬಿದ್ದ ಐದು ಜನ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ ಎಂದೂ ಹುಡುಕು. ಪ್ರೊಫೆಸರಾದವರ ಹೆಸರು ಲ್ಯಾಬಿನವರೇ ಹೇಳುತ್ತಾರೆ. ನಡುವೆ ಬಿಟ್ಟು ಹೋದವರ ಜೊತೆ ಮಾತಾಡುವುದು ನಿನ್ನ ಕೆಲಸ.

ಇನ್ನು ಬೀಜ ಅಂದರೆ ಏನು? ನಿನ್ನ ಪ್ರಶ್ನೆ. ಅದನ್ನು ಬಾಸ್ಟನ್ನಿನಲ್ಲೇ ಹುಡುಕಬೇಕೆಂದಿಲ್ಲ ತಂಗಿ. ಗಂಗಾವತಿಯ ಕಾಲುವೆ ಭೂಮಿಯಲ್ಲಿ ನಿಂತು ನೋಡು.

ಹೋದ ಮುಂಗಾರಿನಲ್ಲಿ ಒಬ್ಬ ರೈತರ ಗದ್ದೆಗೆ ಹೋಗಿದ್ದೆ. ಭತ್ತದ ಎಲೆಯ ತುದಿಯಿಂದ ಅಂಚಿನಗುಂಟ ಹುಲ್ಲಿನ ಬಣ್ಣದ ಪಟ್ಟೆ ಕೆಳಗಿಳಿದಿತ್ತು. ನೀರು ಕಡಿಮೆಯಾಗಿ ಒಣಗಿದ್ದೋ ರೋಗವೋ ಎಂದು ಅವರಿಗೆ ಅನುಮಾನ. ಒಂದು ಎಲೆಯನ್ನು ಅಡ್ಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟೆವು. ನಾಲ್ಕೈದು ನಿಮಿಷದಲ್ಲಿ ಕತ್ತರಿಸಿದ ಅಂಚಿನಿಂದ ಹಾಲಿನಂಥ ಸಣ್ಣ ಎಳೆ ನೀರಿಗಿಳಿಯತೊಡಗಿತು. ಆ ಎಳೆಯ ತುಂಬ ಬ್ಯಾಕ್ಟೀರಿಯಾ, ಝ್ಯಾಂತೊಮೊನಾಸ್ ಒರೈಝೆ. ದುಂಡಾಣು ಅಂಗಮಾರಿ. ಬರೀ ಒಣಗಿದ ಎಲೆಯಾಗಿದ್ದರೆ ನೀರು ತಿಳಿಯಾಗಿಯೇ ಇರುತ್ತಿತ್ತು. ಆ ರೈತರು ಲೋಟವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ಮೂವತ್ತು ವರ್ಷ ಸೂಕ್ಷ್ಮದರ್ಶಕ ನೋಡಿದವನು, ಆದರೂ ಆ ಲೋಟದಲ್ಲಿ ಕಂಡದ್ದು ಮರೆಯುವುದಿಲ್ಲ.

ಈ ರೋಗದ ಕತೆಯಲ್ಲಿ ನೀನು ಕಲಿತ ವಿಜ್ಞಾನವೆಲ್ಲ ಇದೆ. ಬ್ಯಾಕ್ಟೀರಿಯಾ ತನ್ನ ಪ್ರೋಟೀನನ್ನು ಭತ್ತದ ಜೀವಕೋಶದೊಳಕ್ಕೆ ಚುಚ್ಚುತ್ತದೆ. ಆ ಪ್ರೋಟೀನು ಕೋಶಕೇಂದ್ರಕ್ಕೆ ಹೋಗಿ, ಸಕ್ಕರೆಯನ್ನು ಹೊರಗೆ ಸಾಗಿಸುವ ಜೀನನ್ನು ಚಾಲೂ ಮಾಡುತ್ತದೆ. ಗಿಡ ತಾನೇ ಕಳ್ಳನಿಗೆ ಊಟ ಬಡಿಸಿದಂತೆ. ಎಕ್ಸ್‌ಎ13 ಎಂಬ ನಿರೋಧಕ ರೂಪವಿರುವ ಭತ್ತದಲ್ಲಿ ಆ ಜೀನಿನ ಮುಂಭಾಗ ಬದಲಾಗಿದೆ, ಬ್ಯಾಕ್ಟೀರಿಯಾದ ಬೀಗದಕೈ ಅಲ್ಲಿ ತಿರುಗುವುದಿಲ್ಲ. ಇನ್ನೊಂದು ಜೀನು ಎಕ್ಸ್‌ಎ21, ಆಫ್ರಿಕದ ಮಾಲಿ ದೇಶದ ಕಾಡುಭತ್ತದಿಂದ ಬಂದದ್ದು; ಕೋಶದ ಹೊರಮೈಯಲ್ಲಿ ಕಾವಲು ನಿಲ್ಲುತ್ತದೆ. ಇವೆರಡನ್ನೂ ಎಕ್ಸ್‌ಎ5 ಎಂಬ ಇನ್ನೊಂದು ನಿರೋಧಕ ಜೀನನ್ನೂ ಸಾಂಬಾ ಮಸೂರಿಗೆ ಕೂಡಿಸಿ ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರ (ಸಿಸಿಎಂಬಿ) ಮತ್ತು ಭತ್ತ ಸಂಶೋಧನಾ ನಿರ್ದೇಶನಾಲಯದವರು ಸುಧಾರಿತ ಸಾಂಬಾ ಮಸೂರಿ ತಳಿ ತಂದರು. 2008ರಲ್ಲಿ ಅದು ಬಿಡುಗಡೆಯಾಯಿತು. ಸಿಸಿಎಂಬಿಯಲ್ಲಿ ಈ ಕೆಲಸ ನಡೆಸಿದ ರಮೇಶ್ ಸೊಂಟಿಯವರ ಲ್ಯಾಬು ಜೀವಕೋಶದ ಆಳದ ಪ್ರಶ್ನೆಯನ್ನೂ ಗದ್ದೆಯ ಪ್ರಶ್ನೆಯನ್ನೂ ಒಟ್ಟಿಗೆ ಹಿಡಿದಿತ್ತು. ಎರಡನ್ನೂ ಹಿಡಿಯಬಹುದು ಎಂಬುದಕ್ಕೆ ನಮ್ಮ ಊರಿನಿಂದ ಒಂದು ರಾತ್ರಿಯ ಪ್ರಯಾಣದ ದೂರದಲ್ಲೇ ಸಾಕ್ಷಿ ಇದೆ.

ಎಕ್ಸ್‌ಎ21ರದು ಇನ್ನೂ ಒಂದು ಕತೆ ಇದೆ. ಅದನ್ನು ನೀನು ಹಾಸಿಗೆಯ ಬದಿಯಲ್ಲಿಟ್ಟುಕೊಂಡು ಮಲಗಬೇಕು. ಈ ಜೀನನ್ನು 1995ರಲ್ಲಿ ಪ್ರತ್ಯೇಕಿಸಿದವರು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ಪಮೇಲಾ ರೊನಾಲ್ಡ್ ಅವರ ಗುಂಪು. ಈ ಕಾವಲುಗಾರ ಬ್ಯಾಕ್ಟೀರಿಯಾದ ಯಾವ ಗುರುತನ್ನು ಹಿಡಿಯುತ್ತಾನೆ ಎಂದು ಅದೇ ಗುಂಪು 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆಯಿತು. ಆಮೇಲೆ ಲ್ಯಾಬಿಗೆ ಹೊಸದಾಗಿ ಬಂದವರು ಆ ಪ್ರಯೋಗ ಮರಳಿ ಮಾಡಿದರೆ ಫಲಿತಾಂಶ ಬರಲೊಲ್ಲದು. ಅವರಲ್ಲಿ ಬೆಂಜಮಿನ್ ಶ್ವೆಸಿಂಗರ್, ರೋರಿ ಪ್ರೂಯಿಟ್ ಇದ್ದರು. ತಮ್ಮ ಕೈಗುಣ ಸರಿಯಿಲ್ಲ ಎಂದು ಅವರು ಸುಮ್ಮನಾಗಲಿಲ್ಲ. ಬೆನ್ನು ಹತ್ತಿ ನೋಡಿದಾಗ ಕೆಲವು ಬ್ಯಾಕ್ಟೀರಿಯಾ ಮಾದರಿಗಳು ಅದಲು ಬದಲಾಗಿದ್ದು ತಿಳಿಯಿತು. ರೊನಾಲ್ಡ್ ಅದನ್ನು ಮುಚ್ಚಿಡಲಿಲ್ಲ. 2013ರಲ್ಲಿ ತಾವಾಗಿಯೇ ಎರಡು ಲೇಖನ ಹಿಂಪಡೆದರು. 2015ರಲ್ಲಿ ಅದೇ ಹುಡುಗರು ನಿಜವಾದ ಗುರುತನ್ನು, ರ‍್ಯಾಕ್ಸ್‌ಎಕ್ಸ್ ಎಂಬ ಪ್ರೋಟೀನನ್ನು, ಕಂಡುಹಿಡಿದರು.

ಇದನ್ನು ಇಷ್ಟು ಬಿಡಿಸಿ ಹೇಳಿದ್ದು ಯಾಕೆಂದರೆ, ಹೊಸ ಲ್ಯಾಬಿನಲ್ಲಿ ಮೊದಲ ಆರು ತಿಂಗಳು ನಿನ್ನ ಪ್ರಯೋಗಗಳು ಕೈಕೊಡುತ್ತವೆ. ಆಗ "ಕನ್ನಡ ಮಾಧ್ಯಮದಲ್ಲಿ ಓದಿದವಳು, ಹಳ್ಳಿ ಕಾಲೇಜಿನವಳು, ನನ್ನದೇ ತಪ್ಪು" ಎಂಬ ಮಾತು ಒಳಗಿನಿಂದ ಏಳುತ್ತದೆ. ನನಗೆ ಎದ್ದಿತ್ತು. ತಪ್ಪು ನಿನ್ನದಿರಬಹುದು, ಹಿಂದಿನವರು ಟ್ಯೂಬಿನ ಮೇಲೆ ಬರೆದ ಹೆಸರಿನದೂ ಇರಬಹುದು. ಮೈನಸ್ 80 ಫ್ರೀಜರಿನಿಂದ ಬೇರೆಯವರ ಮಾದರಿ ತೆಗೆದ ದಿನವೇ ಅದನ್ನು ನೀನೇ ಪರೀಕ್ಷಿಸು. ಡಿಎನ್‌ಎ ಓದಿಸು, ಕೋಶಗಳಾದರೆ ಮೈಕೊಪ್ಲಾಸ್ಮ ಸೋಂಕಿದೆಯೋ ನೋಡು. ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆ. ಬಾರದ ಫಲಿತಾಂಶವನ್ನೂ ಬರೆ. ಯಾರಾದರೂ "ಆ ಒಂದು ಪಟ್ಟಿ ಬಿಟ್ಟುಬಿಡು, ಚಿತ್ರ ಚೆಂದ ಕಾಣುತ್ತದೆ" ಅಂದರೆ, ಅವರು ಎಷ್ಟೇ ದೊಡ್ಡವರಿರಲಿ, ಆ ಲ್ಯಾಬು ಬಿಟ್ಟು ಬಾ. ನಾನು ಟಿಕೀಟಿನ ದುಡ್ಡು ಕಳಿಸುತ್ತೇನೆ.

ಬೀಜದ ಮಾತಿಗೆ ಮರಳುತ್ತೇನೆ. ನಿಮ್ಮ ಯಲಬುರ್ಗಾ, ಕುಷ್ಟಗಿ ಕಡೆ ದಾಳಿಂಬೆ ಇಟ್ಟವರು ಎಷ್ಟು ಜನ ತೋಟ ಕಿತ್ತು ಹಾಕಿದ್ದನ್ನು ನೀನು ಚಿಕ್ಕವಳಿದ್ದಾಗ ಕಂಡಿದ್ದೀಯ. ಕಾಯಿಯ ಮೇಲೆ ಎಣ್ಣೆ ಬಿದ್ದಂಥ ಕಪ್ಪು ಚುಕ್ಕೆ, ಅದು ಸೀಳಿ ಕಾಯಿ ಬಾಯಿಬಿಟ್ಟರೆ ಮುಗಿಯಿತು, ಮಾರುಕಟ್ಟೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅದೂ ಝ್ಯಾಂತೊಮೊನಾಸ್ ಕುಲದ ಬ್ಯಾಕ್ಟೀರಿಯಾನೇ, ಭತ್ತದ ರೋಗಾಣುವಿನ ದಾಯಾದಿ. ಭಗವಾ ತಳಿಯ ತೋಟ ಇಟ್ಟವರು ಈಗಲೂ ಮಳೆ ಹಿಡಿದರೆ ಕಾಯಿಯ ಮೇಲೆ ಕಣ್ಣಿಟ್ಟೇ ಮಲಗುತ್ತಾರೆ. ಭತ್ತದ ಮೇಲೆ ಜಗತ್ತಿನ ನೂರಾರು ಲ್ಯಾಬುಗಳು ಕೂತಿವೆ. ದಾಳಿಂಬೆಯ ಜೀವಕೋಶವನ್ನು ಈ ರೋಗಾಣು ಹೇಗೆ ಮೋಸ ಮಾಡುತ್ತದೆ ಎಂದು ಕೇಳುವವರು ಎಷ್ಟು ಜನ? ನಿನ್ನ ಪಿಎಚ್.ಡಿ. ಕೋಶದೊಳಗಿನ ಸಾಗಾಟದ ಮೇಲೆ. ನೀನು ಯಾವ ದೇಶಕ್ಕೆ ಹೋದರೂ ಅಲ್ಲಿನ ಗಿಡದ ಮೇಲೆ ಅವರ ಕೆಲಸ ಮಾಡು, ಕೈಕಸುಬು ಕಲಿ, ಆದರೆ ಈ ಪ್ರಶ್ನೆಯನ್ನು ಗಡಿಗೆಯಲ್ಲಿ ಜೋಪಾನ ಮಾಡು.

ಕನ್ನಡಿಗರಲ್ಲೇ ಹಾಗೆ ಮಾಡಿದವರಿದ್ದಾರೆ. ಡಿ.ವಿ. ಗುಂಡಪ್ಪನವರ ಮಗ ಬಿ.ಜಿ.ಎಲ್. ಸ್ವಾಮಿ ಗಿಡಗಳ ಅಂಗರಚನೆ, ಭ್ರೂಣಬೆಳವಣಿಗೆ ಓದಿದವರು. ಡಾಕ್ಟರೇಟ್ ಆದಮೇಲೆ ಹಾರ್ವರ್ಡ್‌ಗೆ ಹೋಗಿ ಇರ್ವಿಂಗ್ ಬೈಲಿ ಎಂಬ ಗುರುವಿನ ಬಳಿ ಕೆಲಸ ಮಾಡಿದರು. ಬೈಲಿ ಗಿಡದ ಕಟ್ಟಿಗೆಯಲ್ಲಿ ನೀರು ಏರುವ ನಾಳಗಳು ಹೇಗೆ ಬಂದವು ಎಂಬ ಪ್ರಶ್ನೆ ಹಿಡಿದಿದ್ದವರು. ಸ್ವಾಮಿ ತಿರುಗಿ ಬಂದು ದಕ್ಷಿಣ ಭಾರತದ ಬೆಟ್ಟದಲ್ಲಿ ಒಂದು ಗಿಡ ಹಿಡಿದರು, ನಾಳಗಳಿಲ್ಲದ ಜಾತಿಯೆಂದು ವರ್ಣಿಸಿದರು, ಅದಕ್ಕೆ ಗುರುವಿನ ಹೆಸರನ್ನೇ ಇಟ್ಟರು: ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ. ಕಲಿತದ್ದು ಅಲ್ಲಿ, ಗಿಡ ಇಲ್ಲಿನದು. ಮುಂದೆ ಅವರು ಬರೆದ 'ಹಸುರು ಹೊನ್ನು' ನಿನ್ನ ಚೀಲದಲ್ಲಿರಲಿ. ನೀನೂ ತಿಂಗಳಿಗೊಂದು ಪುಟ ಕನ್ನಡದಲ್ಲಿ ಬರೆ. ನಿಮ್ಮಪ್ಪನಿಗೆ ತಿಳಿಯುವಂತೆ ಬರೆಯಲು ಬಂದರೆ ನಿನ್ನ ಪ್ರಶ್ನೆ ನಿನಗೇ ತಿಳಿದಿದೆ ಎಂದು ಅರ್ಥ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಹೇಳದೆ ಬಿಡುವುದಿಲ್ಲ. ಇಲ್ಲಿಯ ಯೋಜನೆಗಳಲ್ಲಿ ರಿಸರ್ಚ್ ಅಸೋಸಿಯೇಟ್‌ಗೆ 2023ರಿಂದ ಮೊದಲ ಹಂತದಲ್ಲಿ ತಿಂಗಳಿಗೆ 58,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ರಿಸರ್ಚ್ ಅಸೋಸಿಯೇಟ್‌ಶಿಪ್ಪಿಗೆ ನೀನೇ ಅರ್ಜಿ ಹಾಕಬಹುದು. ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್ ಎರಡು ವರ್ಷದ್ದು. ವಯಸ್ಸು 35ರ ಒಳಗಿರಬೇಕಿತ್ತು, ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಐದು ವರ್ಷ ಸಡಿಲಿಕೆ ಇತ್ತು. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2024ರಲ್ಲಿ ಹೊಸ ಪೋಸ್ಟ್‌ಡಾಕ್‌ಗೆ ವರ್ಷಕ್ಕೆ 61,008 ಡಾಲರ್ ಎಂದು ಗೊತ್ತುಮಾಡಿತ್ತು. ಆ ಅಂಕಿ ಕೇಳಿದರೆ ಊರಲ್ಲಿ ಕಣ್ಣರಳಿಸುತ್ತಾರೆ. ಬಾಸ್ಟನ್ನಿನ ಮನೆ ಬಾಡಿಗೆ ಕೊಟ್ಟ ಮೇಲೆ ಉಳಿಯುವುದನ್ನು ನೋಡಿ ಆಮೇಲೆ ಅಪ್ಪನ ಸಾಲಕ್ಕೆ ಮಾತು ಕೊಡು. ಇಲ್ಲಿ ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾಗುವುದುಂಟು. ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಳ್ಳದೆ ಊರು ಬಿಡಬೇಡ.

ಹೊರಡುವ ಮುಂಚೆ ಇನ್ನೊಂದು ಕಾಗದ. ನಮ್ಮ ಕಡೆಯವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಮಾಡಿಸಿಟ್ಟುಕೋ. ಕಲ್ಯಾಣ ಕರ್ನಾಟಕದ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಹುದ್ದೆ ಕರೆದಾಗ ನೀನು ಸಾವಿರಾರು ಮೈಲಿ ದೂರದಲ್ಲಿದ್ದು ತಹಶೀಲ್ದಾರ ಕಚೇರಿಗೆ ಅಪ್ಪನನ್ನು ಓಡಾಡಿಸುವುದು ಬೇಡ.

ಹುದ್ದೆಯ ಬಗ್ಗೆ ನಿನಗೆ ಸಿಹಿಮಾತು ಹೇಳಲಾರೆ. ಪೋಸ್ಟ್‌ಡಾಕ್ ಮಾಡಿದ ಎಲ್ಲರಿಗೂ ಸ್ವಂತ ಲ್ಯಾಬು ಸಿಗುವುದಿಲ್ಲ, ಹೆಚ್ಚಿನವರಿಗೆ ಸಿಗುವುದಿಲ್ಲ. 2009ರಲ್ಲಿ ನೊಬೆಲ್ ಪಡೆದ ವೆಂಕಿ ರಾಮಕೃಷ್ಣನ್ ಯೇಲ್‌ನಲ್ಲಿ ಪೋಸ್ಟ್‌ಡಾಕ್ ಮುಗಿಸುವಾಗ ಸುಮಾರು ಐವತ್ತು ಕಡೆ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದ್ದರು, ಒಂದೂ ಸಿಗಲಿಲ್ಲ. ಅವರು ರೈಬೊಸೋಮಿನ ಪ್ರಶ್ನೆ ಬಿಡದೆ ಸರಕಾರಿ ಪ್ರಯೋಗಾಲಯಗಳಲ್ಲಿ ಕೆಲಸ ಹಿಡಿದು ಮುಂದೆ ಹೋದರು. ಇನ್ನೊಬ್ಬರ ಕತೆಯೂ ಗೊತ್ತಿರಲಿ. ಅಂಬಲಿಮೀನಿನ ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನನ್ನು 1992ರಲ್ಲಿ ಪ್ರತ್ಯೇಕಿಸಿದವರು ಡಗ್ಲಸ್ ಪ್ರಾಶರ್. ನೀನು ದಿನವೂ ಸೂಕ್ಷ್ಮದರ್ಶಕದಲ್ಲಿ ನೋಡುವ ಆ ಹಸಿರು ಬೆಳಕು ಅವರ ಕೈಯಿಂದ ಬಂದದ್ದು. ಅವರ ಅನುದಾನ ಮುಗಿಯಿತು. ಜೀನನ್ನು ಬೇರೆಯವರಿಗೆ ಉದಾರವಾಗಿ ಕೊಟ್ಟು ಆ ಕೆಲಸ ಬಿಟ್ಟರು. 2008ರಲ್ಲಿ ಅದೇ ಪ್ರೋಟೀನಿಗೆ ಮೂವರಿಗೆ ನೊಬೆಲ್ ಬಂದಾಗ ಪ್ರಾಶರ್ ಅಲಬಾಮಾದಲ್ಲಿ ಕಾರು ಮಾರುವವರ ಹತ್ತಿರ ಗಿರಾಕಿಗಳನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಿದ್ದರು. ಅವರ ಕೆಲಸ ಸಣ್ಣದಾಗಿತ್ತೆ? ಕೆಲಸ ಎಷ್ಟು ದೊಡ್ಡದು ಎಂಬುದಕ್ಕೂ ಕುರ್ಚಿ ಸಿಗುವುದಕ್ಕೂ ಯಾವಾಗಲೂ ತಾಳೆಯಾಗುವುದಿಲ್ಲ ತಂಗಿ. ಇದನ್ನು ಮೊದಲೇ ತಿಳಿದು ಹೋದವರು ಮುರಿಯುವುದಿಲ್ಲ.

ಆದ್ದರಿಂದ ಹೋಗುವ ದಿನವೇ ಒಂದು ತಾರೀಖು ಬರೆದಿಡು. ಮೂರು ವರ್ಷ ಅನ್ನೋಣ, ಹೆಚ್ಚೆಂದರೆ ನಾಲ್ಕು. ಅಮೆರಿಕದ ಜೆ-1 ವೀಸಾ ಸಂಶೋಧಕರಿಗೆ ಐದು ವರ್ಷಕ್ಕೆ ಮುಗಿಯುತ್ತದೆ. ಅದು ಮುಗಿಯುವ ತನಕ ಕಾಯುತ್ತ ಕೂರಬೇಡ. ಎರಡನೆಯ ವರ್ಷದ ಕೊನೆಗೇ ಅರ್ಜಿ ಬರೆಯಲು ಶುರು ಮಾಡು. ಮರಳಿ ಬರುವವರಿಗೆ ಡಿಬಿಟಿಯ ರಾಮಲಿಂಗಸ್ವಾಮಿ ಫೆಲೋಶಿಪ್ ಇದೆ. ಬೆಂಗಳೂರಿನ ಇಂಡಿಯಾ ಬಯೋಸೈನ್ಸ್‌ನವರು ಹೊಸ ಹುದ್ದೆಗಳ ಸುದ್ದಿ ಕೊಡುತ್ತಾರೆ, ಯುವ ಸಂಶೋಧಕರ ಸಭೆ ನಡೆಸುತ್ತಾರೆ. ಹೈದರಾಬಾದು, ಬೆಂಗಳೂರಿನ ಔಷಧಿ, ಲಸಿಕೆ, ಬೀಜದ ಕಂಪನಿಗಳ ಲ್ಯಾಬಿಗೆ ಹೋಗುವುದು ಸೋಲು ಎಂದು ನಿನ್ನ ಜೊತೆಯವರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ನನ್ನ ಬಳಿ ಕಲಿತವರಲ್ಲಿ ಅತ್ಯಂತ ಶುದ್ಧ ಕೈಯ ಹುಡುಗಿ ಇವತ್ತು ಒಂದು ಲಸಿಕೆ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುತ್ತಾಳೆ. ಅವಳು ಸಹಿ ಹಾಕದೆ ಒಂದು ಬಾಟಲಿ ಹೊರಗೆ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ಹುದ್ದೆ ಯಾವುದು ಎಂದು ನನಗೆ ಹೊಳೆಯುತ್ತಿಲ್ಲ.

ನೀನು ಕೇಳಿದ ಪ್ರಶ್ನೆಗೆ ಈಗ ನೇರ ಉತ್ತರ. ಅಮೆರಿಕದ ಲ್ಯಾಬಿನಲ್ಲಿ ಮೂವತ್ತೈದು ಜನ, ಮುಖ್ಯಸ್ಥರು ತಿಂಗಳಿಗೊಮ್ಮೆ ಸಿಕ್ಕರೆ ಹೆಚ್ಚು ಎಂದು ನೀನೇ ಹೇಳಿದೆ. ಹೈದರಾಬಾದಿನ ಲ್ಯಾಬು ಆರು ಜನರದು. ಮೊದಲನೆಯವರು ನಿನ್ನ ಪ್ರಶ್ನೆಗೆ ಸ್ಪಷ್ಟವಾಗಿ ಬರೆದರೆ ಅಲ್ಲಿಗೇ ಹೋಗು. ಮೂರು ವರ್ಷ ಬೇರೆ ನೆಲ, ಬೇರೆ ಕೈಕೆಲಸ ನೋಡಿ ಬರುವುದು ನಿನಗೆ ಒಳ್ಳೆಯದು. ಅವರು ಜಾರಿಕೊಂಡು, ಹೈದರಾಬಾದಿನವರು "ದಾಳಿಂಬೆಯ ಕೆಲಸ ನಿನ್ನದೇ" ಎಂದರೆ, ಹೆಸರಿನ ಆಸೆಗೆ ಬೀಳದೆ ಹೈದರಾಬಾದಿನ ರೈಲು ಹತ್ತು.

ಉಳಿದದ್ದು ನಿಮ್ಮಪ್ಪ. ನಿನ್ನ ಮದುವೆಯ ಮಾತು ಅವನ ಎದೆಯಲ್ಲಿ ಕಲ್ಲಿನಂತೆ ಕೂತಿದೆ, ನನಗೆ ಗೊತ್ತು. ಮೂವತ್ತರ ಮಗಳು ಇನ್ನೂ "ವರ್ಷದ ಕರಾರು" ಅನ್ನುತ್ತಿದ್ದರೆ ಹೆತ್ತವರಿಗೆ ನಿದ್ದೆ ಬರುವುದಿಲ್ಲ. ನಾನು ನನ್ನ ಅಪ್ಪನಿಗೆ ನಾಲ್ಕು ವರ್ಷ "ಪರ್ಮನೆಂಟ್ ಆಗ್ತದ" ಎಂದು ಬರೆಯುತ್ತಲೇ ಇದ್ದೆ. ಅವನು ಅದನ್ನು ಊರಿಗೆಲ್ಲ ಹೇಳಿಕೊಂಡ. ನಾನು ಬರಿಗೈಲಿ ಬಂದಾಗ ಅವನು ನನ್ನನ್ನು ಏನೂ ಕೇಳಲಿಲ್ಲ. ಕಟ್ಟೆಗೆ ಹೋಗಿ ಕೂರುವುದನ್ನು ಮಾತ್ರ ಬಿಟ್ಟ. ನೀನು ಆ ತಪ್ಪು ಮಾಡಬೇಡ. ಎಷ್ಟು ವರ್ಷ, ಎಷ್ಟು ದುಡ್ಡು, ಆಮೇಲೆ ಏನು ಗೊತ್ತಿಲ್ಲ, ಎಲ್ಲವನ್ನೂ ಇದ್ದಂತೆ ಹೇಳು. ನಿಮ್ಮಪ್ಪನೂ ಐದು ವರ್ಷ ಪಾಲಿನ ಹೊಲ ಮಾಡಿದವನು, ಕರಾರು ಅಂದರೆ ಏನೆಂದು ಅವನಿಗೆ ಹೇಳಿಕೊಡಬೇಕಾಗಿಲ್ಲ.

ಕಡಲಿ ರಾಶಿ ಮುಗಿದ ಮೇಲಿನ ಭಾನುವಾರ ನಾನು ಬಸ್ಸು ಹಿಡಿದು ನಿಮ್ಮೂರಿಗೆ ಬರುತ್ತೇನೆ. ಎರಡೂ ಪತ್ರ, ಅವರು ಬರೆದ ಉತ್ತರ ತೆಗೆದಿಟ್ಟಿರು. ಅಪ್ಪನ ಮುಂದೆ ಹಾಸಿಕೊಂಡು ಮೂವರೂ ಕೂತು ಓದೋಣ. ಇಂಗ್ಲಿಷಿನದನ್ನು ನೀನು ಕನ್ನಡದಲ್ಲಿ ಹೇಳು, ನಾನು ಸುಮ್ಮನೆ ಕೇಳುತ್ತೇನೆ.

ನಿನ್ನ ಕಾಕಾ